ಪೆಟ್ಟಿಗೆ ನಮ್ಮೂರಿನದು, ಬೀಗದ ಕೈ ಯಾರದು?

ಗೃಹಿಣಿಯೊಬ್ಬಳು ಬಾಗಿಲಿಗೆ ಬಂದ ಸೊಪ್ಪಿನವಳಿಗೆ ಮೊಬೈಲಿನ ಮೂಲಕ ಇಪ್ಪತ್ತು ರೂಪಾಯಿ ಸಲ್ಲಿಸುತ್ತಾಳೆ. ನಾಣ್ಯವು ಕೈಯಿಂದ ಕೈಗೆ ದಾಟಲಿಲ್ಲ. ಎಲ್ಲಿಯೋ ಇರುವ ಒಂದು ಲೆಕ್ಕದ ಪುಸ್ತಕದಲ್ಲಿ ಒಬ್ಬರ ಹೆಸರಿನಿಂದ ಕಳೆದು ಮತ್ತೊಬ್ಬರ ಹೆಸರಿಗೆ ಕೂಡಿಸಿದ್ದಾಯಿತು, ಅಷ್ಟೆ. ಆ ಪುಸ್ತಕವು ಎಲ್ಲಿದೆ? ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆಗೆ ಯೋಚಿಸಬೇಕಾದುದೇ ಇರಲಿಲ್ಲ. ಶೆಟ್ಟರ ಕಡದ ಖಾತೆಯು ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಶಾನುಭೋಗರ ಕಡತವು ಅವರ ಮನೆಯ ಅಟ್ಟದ ಮೇಲೆ, ಆಸ್ತಿಯ ಪತ್ರಗಳು ಅಜ್ಜಿಯ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯೂ ಅದರ ಬೀಗದ ಕೈಯೂ ಒಂದೇ ಸೂರಿನ ಕೆಳಗೆ ಇರುತ್ತಿದ್ದುವು. ಇಂದು ಅದೇ ಪ್ರಶ್ನೆಯನ್ನು ಬಲ್ಲವರ ಮುಂದೆ ಇಟ್ಟರೆ, "ಎಲ್ಲವೂ ಕ್ಲೌಡ್‌ನಲ್ಲಿದೆ" ಎಂಬ ಉತ್ತರ ಬರುತ್ತದೆ. ಕೇಳಿದವರು ತಲೆಯೆತ್ತಿ ಆಕಾಶವನ್ನು ನೋಡಿದರೆ ಅವರನ್ನು ನಗುವಂತಿಲ್ಲ.

ಮೋಡವೆಂದು ಹೆಸರಿಟ್ಟವರು ಯಾರೋ ನಾವರಿಯೆವು. ಆದರೆ ಈ ಮೋಡಕ್ಕೆ ಗೋಡೆಯುಂಟು, ಕಾವಲುಗಾರನುಂಟು, ತಿಂಗಳು ತಿಂಗಳೂ ಬರುವ ವಿದ್ಯುತ್ತಿನ ಬಿಲ್ಲೂ ಉಂಟು. ನವೀ ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಕಿಟಕಿಗಳೇ ಇಲ್ಲದ ದೊಡ್ಡ ಕಟ್ಟಡಗಳನ್ನು ಕಟ್ಟಿ, ಅದರೊಳಗೆ ಸಾಲುಸಾಲಾಗಿ ಗಣಕಯಂತ್ರಗಳನ್ನು ಜೋಡಿಸಿ, ಹಗಲಿರುಳೂ ಅವುಗಳಿಗೆ ತಂಪುಗಾಳಿಯನ್ನು ಬೀಸುತ್ತಿರುತ್ತಾರೆ. ಇದಕ್ಕೆ ಡೇಟಾ ಸೆಂಟರ್ ಎಂದು ಹೆಸರು. ಕೆಲವು ಸಂಸ್ಥೆಗಳು ಇಂಥ ಕಟ್ಟಡವನ್ನು ಸ್ವಂತಕ್ಕೇ ಇಟ್ಟುಕೊಂಡಿರುತ್ತವೆ. ಉಳಿದವರು ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್ ಮೊದಲಾದ ಕಂಪೆನಿಗಳಿಂದ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಊರಿನ ಮದುವೆಗೆ ಪಾತ್ರೆಗಳನ್ನು ಬಾಡಿಗೆಗೆ ತರುವುದಿಲ್ಲವೇ, ಹಾಗೆಯೇ. ಬೇಕಾದಾಗ ಹೆಚ್ಚು, ಬೇಡವಾದಾಗ ಕಡಮೆ. ಸ್ವಂತ ಬಂಡವಾಳ ಹಾಕಬೇಕಾದ ಕಷ್ಟವಿಲ್ಲ. ಕ್ಲೌಡ್ ಎಂಬುದರ ಅನುಕೂಲವೆಲ್ಲ ಇಷ್ಟರಲ್ಲಿದೆ.

ಬಾಡಿಗೆಯ ಪಾತ್ರೆಗೂ ಇದಕ್ಕೂ ಒಂದು ವ್ಯತ್ಯಾಸ ಮಾತ್ರ ಇದೆ. ಪಾತ್ರೆಯನ್ನು ನಾವು ನಮ್ಮ ಮನೆಗೆ ತರುತ್ತೇವೆ. ಇಲ್ಲಿಯಾದರೋ ನಮ್ಮ ಮನೆಯ ವಿಷಯವೇ ಅವರ ಪಾತ್ರೆಯಿರುವ ಕಡೆಗೆ ಹೋಗುತ್ತದೆ. ಅವರ ಪಾತ್ರೆಯು ಸಿಂಗಪುರದಲ್ಲಿದ್ದರೆ ಸಿಂಗಪುರಕ್ಕೆ, ಅಮೆರಿಕಾದಲ್ಲಿದ್ದರೆ ಅಮೆರಿಕಾಕ್ಕೆ. ಒಂದು ದೇಶದ ಪ್ರಜೆಗಳ ಲೆಕ್ಕಪತ್ರ, ರೋಗದ ವಿವರ, ಪತ್ರವ್ಯವಹಾರಗಳ ಮೇಲೆ ಆ ದೇಶದ ಕಾನೂನೇ ನಡೆಯಬೇಕಲ್ಲದೆ ಪರದೇಶದ ಕಾನೂನು ನಡೆಯಬಾರದು ಎಂಬ ವಾದವು ಇದರಿಂದ ಹುಟ್ಟಿತು. ದತ್ತಾಂಶದ ಸಾರ್ವಭೌಮತ್ವವೆಂದು ಇದನ್ನು ಕರೆಯುತ್ತಾರೆ. ಹೆಸರು ಭಾರವಾಗಿದ್ದರೂ ವಿಷಯ ಸರಳ.

ನಮ್ಮ ದೇಶದಲ್ಲಿ ಈ ವಾದವು ಮೊದಲು ಗಟ್ಟಿಯಾಗಿ ಕೆಲಸಮಾಡಿದ್ದು ಹಣದ ವಿಷಯದಲ್ಲಿ. ೨೦೧೮ನೆಯ ಇಸವಿ ಏಪ್ರಿಲ್ ೬ರಂದು ರಿಸರ್ವ್ ಬ್ಯಾಂಕಿನವರು ಒಂದು ಸುತ್ತೋಲೆಯನ್ನು ಹೊರಡಿಸಿದರು. ಹಣ ಪಾವತಿಗೆ ಸಂಬಂಧಪಟ್ಟ ಸಮಸ್ತ ವಿವರಗಳನ್ನೂ ಭಾರತದೊಳಗೆ ಮಾತ್ರವೇ ಶೇಖರಿಸಿಡತಕ್ಕದ್ದು. ಆರು ತಿಂಗಳೊಳಗೆ ಇದನ್ನು ನೆರವೇರಿಸತಕ್ಕದ್ದು, ಎಂಬುದೇ ಅದರ ಸಾರಾಂಶ. ವ್ಯವಹಾರದ ಒಂದು ಕೊನೆ ಪರದೇಶದಲ್ಲಿದ್ದರೆ ಅಷ್ಟರ ಮಟ್ಟಿಗೆ ಅಲ್ಲಿಯೂ ಪ್ರತಿಯನ್ನು ಇಟ್ಟುಕೊಳ್ಳಬಹುದಾಗಿತ್ತು. ಪರದೇಶದ ಕಾರ್ಡು ಕಂಪೆನಿಗಳು ಬಹಳ ಗೊಣಗಿದುವು. ವಾಯಿದೆಯನ್ನು ಮುಂದೂಡಬೇಕೆಂದೂ, ಇಲ್ಲಿ ಒಂದು ಪ್ರತಿಯನ್ನಿಟ್ಟರೆ ಸಾಲದೇ ಎಂದೂ ಬೇಡಿಕೊಂಡುವು. ರಿಸರ್ವ್ ಬ್ಯಾಂಕಿನವರು ಜಗ್ಗಲಿಲ್ಲ. ೨೦೧೯ನೆಯ ಜೂನಿನಲ್ಲಿ ಕೊಟ್ಟ ವಿವರಣೆಯಲ್ಲಿ, ಲೆಕ್ಕವನ್ನು ಹೊರದೇಶದಲ್ಲಿ ಮಾಡುವುದಾದರೆ ಮಾಡಿರಿ, ಆದರೆ ೨೪ ಗಂಟೆಯೊಳಗೆ ಅಲ್ಲಿ ಅಳಿಸಿ ಇಲ್ಲಿಗೆ ತನ್ನಿರಿ, ಎಂದು ಒಂದು ಸಣ್ಣ ಸಡಿಲನ್ನು ಮಾತ್ರ ಕೊಟ್ಟರು.

ಕಾಗದದ ಮೇಲಿನ ಎಷ್ಟೋ ಕಟ್ಟಳೆಗಳಂತೆ ಇದೂ ಒಂದೆಂದು ಕೆಲವರು ಎಣಿಸಿದ್ದರೋ ಏನೋ. ೨೦೨೧ನೆಯ ಏಪ್ರಿಲಿನಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಮತ್ತು ಡೈನರ್ಸ್ ಕ್ಲಬ್ ಕಂಪೆನಿಗಳು ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳಕೂಡದೆಂದು ಆಜ್ಞೆಯಾಯಿತು. ಅದೇ ವರ್ಷದ ಜುಲೈಯಲ್ಲಿ ಮಾಸ್ಟರ್‌ಕಾರ್ಡ್ ಕಂಪೆನಿಗೂ ಅದೇ ಗತಿ. ಹಳೆಯ ಗಿರಾಕಿಗಳಿಗೆ ತೊಂದರೆಯಾಗಲಿಲ್ಲ. ಆದರೆ ಹೊಸ ಕಾರ್ಡುಗಳನ್ನು ಕೊಡಬೇಕಾಗಿದ್ದ ಬ್ಯಾಂಕುಗಳು ಬೇರೆ ಕಂಪೆನಿಗಳ ಬಾಗಿಲಿಗೆ ಓಡಬೇಕಾಯಿತು. ಮಾಸ್ಟರ್‌ಕಾರ್ಡಿನ ಮೇಲಿನ ತಡೆ ತೆರವಾದದ್ದು ೨೦೨೨ನೆಯ ಜೂನಿನಲ್ಲಿ, ಅಮೆರಿಕನ್ ಎಕ್ಸ್‌ಪ್ರೆಸ್ಸಿನದು ಆಗಸ್ಟಿನಲ್ಲಿ. ದೊಡ್ಡ ಕಂಪೆನಿಗಳು ಒಂದು ದೇಶದ ಬ್ಯಾಂಕಿನ ಮಾತಿಗೆ ತಲೆಬಾಗಿ ತಮ್ಮ ಪೆಟ್ಟಿಗೆಯನ್ನು ಇಲ್ಲಿಗೆ ಸಾಗಿಸಿಕೊಂಡು ಬಂದುವೆಂಬುದು ಅಲ್ಪ ವಿಷಯವಲ್ಲ. ಈ ಸುತ್ತೋಲೆಯಲ್ಲಿ ನಮಗೆ ಮೆಚ್ಚಿಗೆಯಾಗುವ ಅಂಶವೆಂದರೆ ಅದರ ಉದ್ದೇಶದ ಸ್ಪಷ್ಟತೆ: ಮೇಲ್ವಿಚಾರಣೆ ಮಾಡಬೇಕಾದವರಿಗೆ ಲೆಕ್ಕವು ಕೈಗೆಟುಕುವಂತಿರಬೇಕು. ಮೋಸ ನಡೆದಾಗ ಪರದೇಶದ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಕಾಯುತ್ತ ಕುಳಿತರೆ ಹಣ ಕಳೆದುಕೊಂಡ ಬಡವನ ಪಾಡೇನು?

ಈ ಸುತ್ತೋಲೆಯೊಂದೇ ಅಲ್ಲ. ಕಂಪೆನಿಗಳ ಲೆಕ್ಕಪುಸ್ತಕದ ಪ್ರತಿಯು ಭಾರತದೊಳಗಿನ ಯಂತ್ರದಲ್ಲಿರಬೇಕೆಂದು ೨೦೧೪ರ ನಿಯಮ ಹೇಳುತ್ತದೆ. ವಿಮಾ ಪಾಲಿಸಿಗಳ ದಾಖಲೆಗೂ ೨೦೧೫ರಲ್ಲಿ ಅಂಥದೇ ಕಟ್ಟಳೆ ಬಂದಿತು. ಸರ್ಕಾರದ ಇಲಾಖೆಗಳಿಗೆ ಕ್ಲೌಡ್ ಒದಗಿಸತಕ್ಕವರು ದೇಶದೊಳಗೇ ಯಂತ್ರಗಳನ್ನಿಡಬೇಕೆಂಬ ಷರತ್ತೂ ಉಂಟು.

ಹಾಗಾದರೆ ನಮ್ಮಲ್ಲಿ ಕ್ಲೌಡ್ ಬೆಳೆದದ್ದೆಲ್ಲ ಕಾನೂನಿನ ಪ್ರಭಾವವೇ? ಹೀಗೆಂದು ಭಾಷಣಗಳಲ್ಲಿ ಹೇಳುವುದನ್ನು ನಾವು ಕೇಳಿದ್ದೇವೆ; ಪೂರ್ತಿಯಾಗಿ ಒಪ್ಪಲಾರೆವು. ಮೈಕ್ರೊಸಾಫ್ಟಿನವರು ಪುಣೆ, ಚೆನ್ನೈ, ಮುಂಬಯಿಗಳಲ್ಲಿ ಕ್ಲೌಡ್ ಕೇಂದ್ರಗಳನ್ನು ತೆರೆದದ್ದು ೨೦೧೫ರಲ್ಲಿ. ಅಮೆಜಾನಿನವರು ಮುಂಬಯಿಗೆ ಬಂದದ್ದು ೨೦೧೬ರಲ್ಲಿ, ಗೂಗಲಿನವರು ೨೦೧೭ರಲ್ಲಿ. ಇವೆಲ್ಲವೂ ರಿಸರ್ವ್ ಬ್ಯಾಂಕಿನ ಸುತ್ತೋಲೆಗಿಂತ ಮೊದಲು. ೨೦೧೬ರಲ್ಲಿಯೇ ಜಿಯೋ ಬಂದು ಮೊಬೈಲಿನ ಡೇಟಾ ಅಗ್ಗವಾಯಿತು, ಯುಪಿಐ ಪ್ರಾರಂಭವಾಯಿತು. ಕೋಟ್ಯಂತರ ಜನ ಒಂದೇ ಸಲ ಗಿರಾಕಿಗಳಾದರು. ಗಿರಾಕಿಯಿರುವ ಕಡೆಗೆ ಅಂಗಡಿ ಬರುವುದು ಲೋಕರೂಢಿ. ದೂರದ ಯಂತ್ರದಿಂದ ಉತ್ತರ ಬರುವುದು ತಡವಾದೀತೆಂಬ ಕಾರಣವೂ ಇತ್ತು. ಕಾನೂನು ಮಾಡಿದ್ದೇನೆಂದರೆ, ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದವರನ್ನು ಒಳಕ್ಕೆ ತಳ್ಳಿದ್ದು, ಬಂದಿದ್ದವರು ಇನ್ನೂ ನಾಲ್ಕು ಕೋಣೆ ಕಟ್ಟುವಂತೆ ಮಾಡಿದ್ದು. ಬ್ಯಾಂಕುಗಳ, ವಿಮಾ ಕಂಪೆನಿಗಳ ವ್ಯಾಪಾರವು ದೇಶ ಬಿಟ್ಟು ಹೋಗಲಾರದೆಂಬ ಭರವಸೆಯಿದ್ದುದರಿಂದ ಬಂಡವಾಳಗಾರರಿಗೆ ಧೈರ್ಯ ಬಂದಿತು. ೨೦೨೨ನೆಯ ಫೆಬ್ರವರಿಯ ಬಜೆಟ್ಟಿನಲ್ಲಿ ಡೇಟಾ ಸೆಂಟರುಗಳನ್ನು ಮೂಲಸೌಕರ್ಯದ ಪಟ್ಟಿಗೆ ಸೇರಿಸುವುದಾಗಿ ಸಾರಿದ್ದರಿಂದ ಸಾಲವೂ ಸುಲಭವಾಯಿತು. ಅದೇ ವರ್ಷ ಅಮೆಜಾನಿನವರು ಹೈದರಾಬಾದಿನಲ್ಲಿ ಎರಡನೆಯ ಕೇಂದ್ರವನ್ನು ತೆರೆದರು. ೨೦೨೪ರ ಹೊತ್ತಿಗೆ ದೇಶದ ಡೇಟಾ ಸೆಂಟರುಗಳ ಒಟ್ಟು ಶಕ್ತಿಯು ೧,೦೦೦ ಮೆಗಾವಾಟನ್ನು ಮೀರಿತು. ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಮುಂಬಯಿ ಸೀಮೆಯೊಂದರಲ್ಲಿಯೇ.

ಮುಂಬಯಿಯೇ ಏಕೆ ಎಂದು ಕನ್ನಡಿಗರು ಕೇಳುವುದು ಸಹಜ. ಕ್ಲೌಡ್ ನಡೆಸುವ ತಂತ್ರಾಂಶವನ್ನು ಬರೆಯುವವರಲ್ಲಿ ಎಷ್ಟೋ ಮಂದಿ ಕೂತಿರುವುದು ಬೆಂಗಳೂರಿನಲ್ಲಿ. ಯಂತ್ರಗಳು ಕೂತಿರುವುದು ಮಾತ್ರ ಅರಬ್ಬೀ ಸಮುದ್ರದ ದಂಡೆಯಲ್ಲಿ. ಇದಕ್ಕೆ ಕಾರಣ ಸಮುದ್ರವೇ. ಖಂಡದಿಂದ ಖಂಡಕ್ಕೆ ಸುದ್ದಿಯನ್ನು ಒಯ್ಯುವುದು ಉಪಗ್ರಹವೆಂದು ಬಹುಮಂದಿ ತಿಳಿದಿದ್ದಾರೆ. ಬಹುಪಾಲು ಒಯ್ಯುವುದು ಸಮುದ್ರದ ತಳದಲ್ಲಿ ಹಾಸಿದ ಕೇಬಲ್ಲು. ೨೦೨೨ರ ಕೊನೆಯ ಲೆಕ್ಕದಂತೆ ಭಾರತದ ದಡಕ್ಕೆ ಅಂಥ ೧೭ ಕೇಬಲ್ಲುಗಳು ಬಂದು ಮುಟ್ಟುತ್ತಿದ್ದುವು. ಮುಟ್ಟುವ ಊರುಗಳು ಐದು: ಮುಂಬಯಿ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ. ನಮ್ಮ ಮಂಗಳೂರು, ಕಾರವಾರಗಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಬ್ಯಾಂಕುಗಳ ಪ್ರಧಾನ ಕಚೇರಿಗಳೂ ಷೇರುಪೇಟೆಯೂ ಮುಂಬಯಿಯಲ್ಲಿರುವಾಗ, ಕೇಬಲ್ಲೂ ಅಲ್ಲಿಯೇ ದಡ ಹತ್ತುವಾಗ, ಪೆಟ್ಟಿಗೆಯು ಬೇರೆ ಕಡೆಗೆ ಬರಲು ಒಲ್ಲೆನೆನ್ನುವುದು ಆಶ್ಚರ್ಯವಲ್ಲ. ದತ್ತಾಂಶವು ದೇಶದೊಳಗಿರಬೇಕೆಂದು ಕಾನೂನು ಹೇಳಬಹುದು. ದೇಶದ ಯಾವ ಮೂಲೆಯಲ್ಲಿ ಎಂಬುದನ್ನು ಕೇಬಲ್ಲು, ವಿದ್ಯುತ್ತು, ನೀರುಗಳೇ ತೀರ್ಮಾನಿಸುತ್ತವೆ.

ಈ ವಿದ್ಯುತ್ತಿನ ಲೆಕ್ಕವನ್ನು ಗೃಹಸ್ಥರು ಒಂದು ಸಲ ಹಾಕಿ ನೋಡಬೇಕು. ೧೦೦ ಮೆಗಾವಾಟಿನ ಒಂದು ಕೇಂದ್ರವು ವರ್ಷವಿಡೀ ಪೂರ್ಣವಾಗಿ ನಡೆದರೆ ೮೭ ಕೋಟಿ ೬೦ ಲಕ್ಷ ಯೂನಿಟ್ಟು ಬೇಕು. ತಿಂಗಳಿಗೆ ೧೦೦ ಯೂನಿಟ್ಟು ಸುಡುವ ಸಂಸಾರಗಳಿಗೆ ಇದನ್ನು ಹಂಚಿದರೆ ೭ ಲಕ್ಷ ೩೦ ಸಾವಿರ ಮನೆಗಳಿಗೆ ವರ್ಷದ ಬೆಳಕಾದೀತು. ತಂಪುಗೊಳಿಸಲು ನೀರನ್ನು ಆವಿಯಾಗಿಸುವ ಪದ್ಧತಿಯಿದ್ದರೆ ನೀರೂ ಬೇಕು. ನೀರನ್ನು ಉಳಿಸುವ ಪದ್ಧತಿಗಳೂ ಇವೆ, ಅವುಗಳಿಗೆ ಸಾಮಾನ್ಯವಾಗಿ ವಿದ್ಯುತ್ತು ಹೆಚ್ಚು. ೨೦೨೪ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದು ಬಳಲಿದ ಬೆಂಗಳೂರಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟನ್ನು ನುಂಗುವ ಕಟ್ಟಡವು ಕಟ್ಟುವ ಕಾಲದಲ್ಲಿ ಬಹುಜನಕ್ಕೆ ಕೂಲಿಯನ್ನು ಕೊಡುತ್ತದೆ, ನಡೆಯುವ ಕಾಲದಲ್ಲಿ ಕೆಲವರಿಗೆ ಮಾತ್ರ ಉದ್ಯೋಗ ಕೊಡುತ್ತದೆ. ಹೀಗಿರಲು, ಪ್ರತಿಯೊಂದು ಪ್ರಾಂತದವರೂ ರಿಯಾಯಿತಿಗಳ ತಟ್ಟೆಯನ್ನು ಹಿಡಿದು ಈ ಅತಿಥಿಯನ್ನು ಕರೆಯಲು ಪೈಪೋಟಿ ನಡೆಸುತ್ತಿರುವುದು ಎಷ್ಟರ ಮಟ್ಟಿಗೆ ವಿವೇಕವೆಂಬುದನ್ನು ತೂಗಿ ನೋಡಬೇಕಾಗಿದೆ. ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ ೧,೫೦೦ ಕೋಟಿ ಡಾಲರನ್ನು ಹೂಡುವುದಾಗಿ ಗೂಗಲಿನವರು ೨೦೨೫ನೆಯ ಅಕ್ಟೋಬರಿನಲ್ಲಿ ಸಾರಿದಾಗ ನೆರೆಹೊರೆಯ ರಾಜಧಾನಿಗಳಲ್ಲಿ ಎದ್ದ ನಿಟ್ಟುಸಿರು ದೂರಕ್ಕೂ ಕೇಳಿಸಿತು.

ಹಳೆಯ ಮೈಸೂರಿನವರಿಗೆ ಇಲ್ಲಿ ಕೋಲಾರವು ನೆನಪಾಗದಿರದು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ೯೦ ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ನಡೆದು ಮೊದಲು ಹೋದದ್ದು ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ೧೯೦೫ರಲ್ಲಿ. ನೆಲ ನಮ್ಮದು, ನದಿ ನಮ್ಮದು, ಗಣಿಯೊಳಗೆ ಇಳಿಯುವ ಕೂಲಿಯವರು ಈ ದೇಶದವರು. ಗಣಿಯ ಆಡಳಿತವಾದರೋ ಲಂಡನಿನ ಜಾನ್ ಟೇಲರ್ ಕಂಪೆನಿಯವರದು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದುವು. ಆದರೆ ಒಂದು ಮಾತನ್ನು ಮರೆಯಬಾರದು: ವಿದ್ಯುತ್ತಿನ ಮನೆಯನ್ನು ಕಟ್ಟಿ ಇಟ್ಟುಕೊಂಡವರು ಮೈಸೂರು ಸರ್ಕಾರದವರೇ. ಗುಂಡಿಯನ್ನು ಒತ್ತುವ ಕೈ ನಮ್ಮದಾಗಿತ್ತು. ವಸ್ತುವು ನೆಲದಲ್ಲಿರುವುದು ಬೇರೆ, ಅದರ ಮೇಲೆ ಕೈಯಿರುವುದು ಬೇರೆ.

ದತ್ತಾಂಶದ ವಿಷಯದಲ್ಲಿ ಈ ಭೇದವನ್ನು ತೋರಿಸಿಕೊಟ್ಟ ವ್ಯಾಜ್ಯವು ಅಮೆರಿಕಾದಲ್ಲಿ ನಡೆಯಿತು. ೨೦೧೩ನೆಯ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ಒಬ್ಬ ಗಿರಾಕಿಯ ಇಮೇಲುಗಳನ್ನು ಒಪ್ಪಿಸಬೇಕೆಂದು ಮೈಕ್ರೊಸಾಫ್ಟಿಗೆ ವಾರಂಟು ಕೊಟ್ಟರು. ಇಮೇಲುಗಳು ಇದ್ದುದು ಐರ್ಲೆಂಡಿನ ಡಬ್ಲಿನ್ ನಗರದ ಯಂತ್ರದಲ್ಲಿ. ಪರದೇಶದ ಪೆಟ್ಟಿಗೆಗೆ ಅಮೆರಿಕಾದ ವಾರಂಟು ಸಲ್ಲದೆಂದು ಕಂಪೆನಿಯವರು ಹೋರಾಡಿ ೨೦೧೬ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಗೆದ್ದರು. ಸುಪ್ರೀಂ ಕೋರ್ಟು ತೀರ್ಪು ಕೊಡುವುದಕ್ಕೆ ಮೊದಲೇ, ೨೦೧೮ನೆಯ ಮಾರ್ಚಿ ೨೩ರಂದು, ಆ ದೇಶದವರು ಕ್ಲೌಡ್ ಆಕ್ಟ್ ಎಂಬ ಕಾನೂನನ್ನು ಮಾಡಿ ವ್ಯಾಜ್ಯದ ಬೇರನ್ನೇ ಕಿತ್ತರು. ಕಂಪೆನಿಯ ವಶದಲ್ಲಿರುವ ದತ್ತಾಂಶವು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಕೇಳಿದಾಗ ಒಪ್ಪಿಸಬೇಕು, ಎಂಬುದು ಅದರ ತಾತ್ಪರ್ಯ. ನಮ್ಮ ರಿಸರ್ವ್ ಬ್ಯಾಂಕಿನ ಸುತ್ತೋಲೆ ಹೊರಟದ್ದು ಇದಾದ ಸರಿಯಾಗಿ ಎರಡು ವಾರಕ್ಕೆ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು ಓದಬೇಕು. ಇಲ್ಲಿಯವರು ಪೆಟ್ಟಿಗೆಯನ್ನು ಕೇಳಿದರು. ಅಲ್ಲಿಯವರು ಬೀಗದ ಕೈಯನ್ನು ಕೇಳಿದರು.

ಬೀಗದ ಕೈ ಪರರಲ್ಲಿದ್ದರೆ ಏನಾಗಬಹುದೆಂಬುದು ೨೦೨೫ನೆಯ ಜುಲೈ ತಿಂಗಳಲ್ಲಿ ಗುಜರಾತಿನಲ್ಲಿ ಕಂಡುಬಂದಿತು. ಅಲ್ಲಿನ ವಾಡಿನಾರ್ ಎಂಬಲ್ಲಿ ನಯಾರಾ ಎನರ್ಜಿ ಎಂಬ ಕಂಪೆನಿಯ ತೈಲ ಶುದ್ಧೀಕರಣ ಕಾರ್ಖಾನೆಯಿದೆ. ವರ್ಷಕ್ಕೆ ೨ ಕೋಟಿ ಟನ್ನು ಎಣ್ಣೆಯನ್ನು ಸಂಸ್ಕರಿಸಬಲ್ಲ ಕಾರ್ಖಾನೆ. ಕಂಪೆನಿಯಲ್ಲಿ ಸುಮಾರು ಅರ್ಧ ಪಾಲು ರಷ್ಯದ ರೋಸ್‌ನೆಫ್ಟಿನದು. ಈ ಕಾರಣದಿಂದ ಜುಲೈ ೧೮ರಂದು ಐರೋಪ್ಯ ಒಕ್ಕೂಟದವರು ಅದರ ಮೇಲೆ ನಿರ್ಬಂಧ ಹಾಕಿದರು. ಭಾರತದ ಕಾನೂನಿನಲ್ಲಿ ಆ ನಿರ್ಬಂಧಕ್ಕೆ ಬೆಲೆಯಿಲ್ಲ. ಆದರೂ ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟಿನ ಸೇವೆಗಳು ಆ ಕಂಪೆನಿಯ ಪಾಲಿಗೆ ನಿಂತುಹೋದುವು. ನೌಕರರಿಗೆ ಇಮೇಲ್ ತೆರೆಯಲಿಲ್ಲ. ಹಣ ತೆತ್ತು ಪಡೆದ ಸೇವೆಯಿಂದಲೂ ತನ್ನದೇ ದತ್ತಾಂಶದಿಂದಲೂ ತನ್ನನ್ನು ಹೊರಗಿಡಲಾಗಿದೆಯೆಂದು ನಯಾರಾ ಕಂಪೆನಿಯು ದೆಹಲಿಯ ಹೈಕೋರ್ಟಿಗೆ ಹೋಯಿತು. ತಿಂಗಳು ಮುಗಿಯುವುದರೊಳಗೆ ಸೇವೆ ಮರಳಿ ಬಂದಿತು. ಮೊಕದ್ದಮೆ ಅಲ್ಲಿಗೆ ಶಮನವಾಯಿತು. ಆ ಕಂಪೆನಿಯ ಒಡೆತನದ ವಿಷಯದಲ್ಲಿ ಯಾರ ಅಭಿಪ್ರಾಯವು ಏನೇ ಇರಲಿ, ಭಾರತದಲ್ಲಿರುವ ಕಾರ್ಖಾನೆ, ಭಾರತದ ನೌಕರರು, ಭಾರತದ ಕಾನೂನನ್ನು ಮೀರದ ವ್ಯವಹಾರ. ನಡುವೆ ಬೀಗ ಬಿದ್ದದ್ದು ಬೇರೆಡೆಯ ನಿರ್ಣಯದಿಂದ. ಯಂತ್ರವು ಪುಣೆಯಲ್ಲಿದ್ದರೂ ಡಬ್ಲಿನಿನಲ್ಲಿದ್ದರೂ ಆ ದಿನ ವ್ಯತ್ಯಾಸವಾಗುತ್ತಿರಲಿಲ್ಲ.

ಇದರ ತರುವಾಯ ಸ್ವದೇಶೀ ತಂತ್ರಾಂಶದ ಮಾತು ಬಲವಾಯಿತು. ಕೇಂದ್ರ ಸರ್ಕಾರದ ೧೨ ಲಕ್ಷಕ್ಕೂ ಹೆಚ್ಚು ನೌಕರರ ಇಮೇಲುಗಳನ್ನು ತಮಿಳುನಾಡಿನ ಜೋಹೋ ಕಂಪೆನಿಯ ವ್ಯವಸ್ಥೆಗೆ ಸಾಗಿಸಿದ ಸುದ್ದಿಯನ್ನು ವಾಚಕರು ಅದೇ ವರ್ಷ ಓದಿರಬಹುದು. ಇದು ಬೀಗದ ಕೈಯ ಕಡೆಗೆ ಇಟ್ಟ ಹೆಜ್ಜೆ; ಕಟ್ಟಡದ ಕಡೆಗಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಸರ್ಕಾರದ ದತ್ತಾಂಶವು ದೇಶದ ಎಲ್ಲೆಯನ್ನು ದಾಟಬಾರದೆಂಬ ಕಟ್ಟಳೆ ಯುಕ್ರೇನಿನಲ್ಲಿಯೂ ಇತ್ತು. ೨೦೨೨ನೆಯ ಫೆಬ್ರವರಿ ೨೪ರಂದು ರಷ್ಯದ ಸೇನೆ ನುಗ್ಗಿತು. ಅದಕ್ಕೆ ಕೇವಲ ಒಂದು ವಾರದ ಮೊದಲು ಅಲ್ಲಿನ ಶಾಸನಸಭೆಯವರು ದತ್ತಾಂಶವನ್ನು ಕ್ಲೌಡಿಗೆ ಸಾಗಿಸಲು ಅವಕಾಶ ಕೊಡುವ ಕಾನೂನನ್ನು ಮಾಡಿಕೊಂಡಿದ್ದರು. ಭೂಮಿಯ ಹಕ್ಕು, ತೆರಿಗೆ, ಶಾಲೆಗಳ ದಾಖಲೆಗಳನ್ನು ಸೂಟ್‌ಕೇಸಿನಷ್ಟು ದೊಡ್ಡ ಶೇಖರಣ ಯಂತ್ರಗಳಲ್ಲಿ ತುಂಬಿ ಗಡಿಯಾಚೆಗೆ ಕಳುಹಿಸಿದರು. ಹಳೆಯ ಕಟ್ಟಳೆಯನ್ನೇ ಹಿಡಿದು ಕುಳಿತಿದ್ದರೆ ಕ್ಷಿಪಣಿಯೊಂದು ಕಟ್ಟಡಕ್ಕೆ ಬಿದ್ದಾಗ ಒಂದು ದೇಶದ ಮನೆಮಠಗಳ ಹಕ್ಕುಪತ್ರವೇ ಬೂದಿಯಾಗುತ್ತಿತ್ತು. ಎಸ್ಟೋನಿಯಾ ಎಂಬ ಚಿಕ್ಕ ದೇಶದವರು ಇನ್ನೂ ಮುಂದಾಲೋಚನೆಯುಳ್ಳವರು. ೨೦೧೭ರಲ್ಲಿಯೇ ಲಕ್ಸೆಂಬರ್ಗಿನೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಮುಖ್ಯ ದಾಖಲೆಗಳ ಪ್ರತಿಯನ್ನು ಅಲ್ಲಿಟ್ಟರು. ರಾಯಭಾರ ಕಚೇರಿಗೆ ಇರುವಂತೆಯೇ ಆ ಕೋಣೆಗೂ ರಕ್ಷೆಯುಂಟು; ಎಸ್ಟೋನಿಯಾದ ಅಪ್ಪಣೆಯಿಲ್ಲದೆ ಲಕ್ಸೆಂಬರ್ಗಿನ ಅಧಿಕಾರಿಯೂ ಒಳಗೆ ಕಾಲಿಡುವಂತಿಲ್ಲ. ಪೆಟ್ಟಿಗೆ ಪರದೇಶದಲ್ಲಿ, ಬೀಗದ ಕೈ ಸ್ವದೇಶದಲ್ಲಿ.

ನಮ್ಮ ಶಾಸನಕಾರರೂ ಈ ಎರಡರ ನಡುವೆ ತೂಗಾಡಿದ್ದಾರೆ. ಆಧಾರ್ ವಿರುದ್ಧ ೨೦೧೨ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅದರಿಂದ ೨೦೧೭ನೆಯ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸಾರಿತು. ನ್ಯಾಯಮೂರ್ತಿ ಶ್ರೀಕೃಷ್ಣ ಅವರ ಸಮಿತಿಯು ೨೦೧೮ರಲ್ಲಿ ಕೊಟ್ಟ ಕರಡಿನಲ್ಲಿ ಪ್ರತಿಯೊಬ್ಬರ ದತ್ತಾಂಶದ ಒಂದು ಪ್ರತಿಯಾದರೂ ಭಾರತದಲ್ಲಿರಬೇಕೆಂದಿತ್ತು. ೨೦೧೯ರ ಮಸೂದೆಯಲ್ಲಿ ಇದು ಸಡಿಲವಾಯಿತು. ೨೦೨೨ರಲ್ಲಿ ಮಸೂದೆಯನ್ನೇ ಹಿಂದೆಗೆದುಕೊಂಡರು. ೨೦೨೩ನೆಯ ಆಗಸ್ಟಿನಲ್ಲಿ ಆದ ಕಾಯಿದೆಯು ಕ್ರಮವನ್ನೇ ತಿರುಗಿಸಿತು: ಸರ್ಕಾರವು ಬೇಡವೆಂದು ಹೆಸರಿಸಿದ ದೇಶಗಳನ್ನು ಬಿಟ್ಟು ಉಳಿದ ಕಡೆಗೆ ದತ್ತಾಂಶವನ್ನು ಒಯ್ಯಬಹುದು, ರಿಸರ್ವ್ ಬ್ಯಾಂಕಿನದರಂಥ ಬಿಗಿಯಾದ ಕಟ್ಟಳೆಗಳಿದ್ದರೆ ಅವು ಹಾಗೆಯೇ ನಡೆಯುತ್ತವೆ. ೨೦೨೫ನೆಯ ನವೆಂಬರಿನಲ್ಲಿ ಹೊರಟ ನಿಯಮಗಳಲ್ಲಿ, ದೊಡ್ಡ ಕಂಪೆನಿಗಳು ಕೆಲವು ಬಗೆಯ ದತ್ತಾಂಶವನ್ನು ಹೊರಗೆ ಒಯ್ಯಕೂಡದೆಂದು ಸರ್ಕಾರವು ಹೇಳಬಹುದೆಂಬ ಒಂದು ಹಿಂಬಾಗಿಲನ್ನೂ ಇಟ್ಟಿದ್ದಾರೆ.

ನಮ್ಮ ಅಭಿಪ್ರಾಯದಲ್ಲಿ ೨೦೨೩ರ ಮಾರ್ಗವು ಒಟ್ಟಿನಲ್ಲಿ ಸರಿಯಾದದ್ದೇ. ಹಣ, ವಿಮೆ, ಸರ್ಕಾರದ ದಾಖಲೆಗಳಿಗೆ ಬಿಗಿಯಾದ ಕಟ್ಟು ಇರಲಿ. ಆದರೆ ದಾವಣಗೆರೆಯ ಒಂದು ಸಣ್ಣ ಕಂಪೆನಿ ಅಗ್ಗದ ಪರದೇಶೀ ಕ್ಲೌಡಿನಲ್ಲಿ ತನ್ನ ವ್ಯಾಪಾರವನ್ನು ಪ್ರಾರಂಭಿಸುವುದನ್ನು ತಡೆದರೆ ಅದರ ಲಾಭವು ನವೀ ಮುಂಬಯಿಯ ದೊಡ್ಡ ಕಟ್ಟಡದ ಒಡೆಯರಿಗೇ ಹೊರತು ದಾವಣಗೆರೆಗೆ ಅಲ್ಲ. ಕಟ್ಟಳೆ ಬಿಗಿಯಾದಷ್ಟೂ ಅದರ ಖರ್ಚನ್ನು ದೊಡ್ಡವರು ನೀಗಿಸುತ್ತಾರೆ, ಚಿಕ್ಕವರು ಅಂಗಡಿಯನ್ನು ಮುಚ್ಚುತ್ತಾರೆ.

ಇನ್ನು ಮನೆಯವರಿಗೆ ಇದರಲ್ಲಿ ದೊರೆಯುವುದೇನು? ಈ ಕಾಯಿದೆಯ ಮುಖ್ಯ ಭಾಗಗಳು ನಡೆಗೆ ಬರುವುದು ನಿಯಮ ಹೊರಟ ೧೮ ತಿಂಗಳಿಗೆ, ಎಂದರೆ ೨೦೨೭ನೆಯ ಮೇ ತಿಂಗಳಲ್ಲಿ. ಆ ಮೇಲೆ ಒಪ್ಪಿಗೆ ಪಡೆದು ನಮ್ಮ ವಿವರವನ್ನು ತೆಗೆದುಕೊಳ್ಳುವವರು ಏನನ್ನು ತೆಗೆದುಕೊಳ್ಳುತ್ತೇವೆ, ಏತಕ್ಕಾಗಿ, ಎಂಬ ತಿಳಿವಳಿಕೆಯ ಪತ್ರವನ್ನು ಕೊಡಬೇಕು. ಸಂವಿಧಾನದ ಎಂಟನೆಯ ಪಟ್ಟಿಯ ಯಾವ ಭಾಷೆಯಲ್ಲಿ ಕೇಳಿದರೂ ಕೊಡಬೇಕಾದುದರಿಂದ ಅದನ್ನು ಕನ್ನಡದಲ್ಲಿಯೇ ಕೇಳಿ ಓದಬಹುದು. ನಮ್ಮ ವಿವರವನ್ನು ಯಾವ ಯಾವ ಕಂಪೆನಿಗಳ ಕೈಗೆ ಕೊಟ್ಟಿದ್ದಾರೆಂದು ಕೇಳುವ ಹಕ್ಕೂ ಉಂಟು. ಕ್ಲೌಡ್ ನಡೆಸುವವರ ಹೆಸರೂ ಆ ಪಟ್ಟಿಯಲ್ಲಿ ಬರಬೇಕು. ಪೆಟ್ಟಿಗೆಯು ಯಾವ ಊರಿನಲ್ಲಿದೆಯೆಂಬುದನ್ನು ಆ ಪತ್ರದಲ್ಲಿ ಬರೆಯಬೇಕೆಂದು ಕಾಯಿದೆಯು ಕಡ್ಡಾಯ ಮಾಡಿಲ್ಲ. ಹೆಸರು ತಿಳಿದ ಮೇಲೆ ಅವರು ಯಾವ ದೇಶದ ಕಾನೂನಿಗೆ ಉತ್ತರ ಹೇಳತಕ್ಕವರೆಂಬುದನ್ನು ಗೃಹಸ್ಥರು ತಾವೇ ವಿಚಾರಿಸಿಕೊಳ್ಳಬೇಕಾಗುತ್ತದೆ.